ಫೋಟೋದಲ್ಲಿ ಉಳಿದ ನಾಲ್ಕು ಬೆರಳು

ಟೂ ವೆನ್‌ಪಿನ್ ನಮ್ಮ ಬಡಾವಣೆಯ ಯಜಮಾನಿಕೆಗೆ ನಿಲ್ಲುತ್ತೇನೆಂದು ಸಾರಿದ ದಿನ ತೈವಾನಿನ ಚಿಯಾಯಿ ಊರಿನಲ್ಲಿ ಬೇರೆ ಯಾವ ಅನಾಹುತವೂ ಆಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಮನೆಮನೆ ತಿರುಗಿ ನೀರಿನ ಮೀಟರ್ ಓದಿ ನಿವೃತ್ತನಾದ ಮನುಷ್ಯ. ಯಾರ ಮನೆಯಲ್ಲಿ ಎಷ್ಟು ನೀರು ಖರ್ಚಾಗುತ್ತದೆಂದು ಬಲ್ಲವನಿಗೆ ಜನರ ಮನಸ್ಸೂ ತಿಳಿದಿರುತ್ತದೆಂಬುದು ಅವನ ನಂಬಿಕೆ. ಜನರಿಗೆ ಅವನ ಬಗ್ಗೆ ತಿಳಿದಿದ್ದದ್ದು ಒಂದೇ, ಗೇಟು ತೆರೆಯುವುದು ಎರಡು ನಿಮಿಷ ತಡವಾದರೆ ಮೂತಿ ಊದಿಸಿಕೊಂಡು ನಿಲ್ಲುತ್ತಿದ್ದ.

ಐದು ಸಲ ಗೆದ್ದು ಕುರ್ಚಿಗೆ ಅಂಟಿಕೊಂಡಿದ್ದ ಯಜಮಾನ ಚೋನನ್ನು ಇಳಿಸಬೇಕು, ಬಾಗಿಲಿಗೆ ತನ್ನ ಹೆಸರಿನ ಹಲಗೆ ತೂಗಬೇಕು, ಬೀದಿಯಲ್ಲಿ ಹೋದರೆ ಜನ 'ಯಜಮಾನ್ರೇ' ಅನ್ನಬೇಕು. ಅರವತ್ತೊಂದನೇ ವಯಸ್ಸಿನಲ್ಲಿ ವೆನ್‌ಪಿನ್‌ಗೆ ಉಳಿದಿದ್ದ ಆಸೆ ಅದೊಂದೇ. ಅದಕ್ಕೆ ಬೇಕಾದ ಯೋಗ್ಯತೆಯೂ ಅವನ ಬಳಿ ಇತ್ತು. ಹಿರಿಯ ನಾಗರಿಕರ ಶಾಲೆಯಲ್ಲಿ ಮೂರು ಗಂಟೆ ಕೂತು ಫೋನಿನಲ್ಲಿ ಫೋಟೋ ತಿದ್ದುವುದನ್ನು ಕಲಿತು ಪ್ರಮಾಣಪತ್ರ ತಂದಿದ್ದ. ಆ ಪತ್ರಕ್ಕೆ ಕಟ್ಟು ಹಾಕಿಸಿ, ಮನೆಯಲ್ಲಿ ಪೂರ್ವಜರ ಪೀಠಕ್ಕಿಂತ ಒಂದು ಗೇಣು ಮೇಲೆಯೇ ನೇತುಹಾಕಿದ್ದ. ಪೂರ್ವಜರು ಏನೂ ಅನ್ನಲಿಲ್ಲ, ಅವರಿಗೆ ಇವನ ಅಭ್ಯಾಸವಿತ್ತು.

ಚುನಾವಣೆಗೆ ಫೋಟೋ ಬೇಕಲ್ಲ. ವೆನ್‌ಪಿನ್ ತನ್ನ ಫೋನಿನಲ್ಲಿದ್ದ ನಾಲ್ಕು ಸಾವಿರ ಫೋಟೋಗಳನ್ನು ಜಾಲಾಡಿದ. ಅವುಗಳಲ್ಲಿ ಅವನು ನಗುತ್ತಿದ್ದದ್ದು ಒಂದೇ ಒಂದರಲ್ಲಿ. ಎಂಟು ವರ್ಷದ ಹಿಂದೆ ಹೆಂಡತಿಯ ಅಣ್ಣನ ಮಗನ ಮದುವೆಯ ಊಟದಲ್ಲಿ ತೆಗೆದದ್ದು, ಯಾರೋ ಫೋನಿನಿಂದ ಫೋನಿಗೆ ಕಳಿಸಿ ಕಳಿಸಿ ಸವೆದು ಬಂದದ್ದು. ಕೂದಲು ಇನ್ನೂ ಕಪ್ಪು, ಕೋಟು ಇಸ್ತ್ರಿಯಾದದ್ದು. ಪಕ್ಕದಲ್ಲಿ ಹೆಂಡತಿ ಲಾನ್‌ಯಿಂಗ್ ಬಾಯ್ತುಂಬ ನಗುತ್ತ, ಅವನ ಕತ್ತಿನ ಹಿಂದಿನಿಂದ ತೋಳು ಬಳಸಿ, ಆಚೆ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ನಕ್ಕಿದ್ದಕ್ಕೂ ಅವಳೇ ಕಾರಣ, ಆದರೆ ಅದು ಪ್ರಮಾಣಪತ್ರದ ಪಾಠದಲ್ಲಿ ಬಂದಿರಲಿಲ್ಲ.

ತೊಂದರೆಯೇನೆಂದರೆ ಲಾನ್‌ಯಿಂಗ್ ಅವನಿಗಿಂತ ಅರ್ಧ ತಲೆ ಎತ್ತರ. ಯಜಮಾನನಾಗುವವನು ಹೆಂಡತಿಯ ಕಿವಿಯ ಮಟ್ಟಕ್ಕಿರುವುದನ್ನು ಮತದಾರರಿಗೆ ಯಾಕೆ ತೋರಿಸಬೇಕು? ವೆನ್‌ಪಿನ್ ಬೆರಳಿನಿಂದ ಚೌಕ ಎಳೆದು, ತನ್ನ ಬಲಗಿವಿಯ ಪಕ್ಕಕ್ಕೆ ಸರಿಯಾಗಿ ಅವಳನ್ನು ಕತ್ತರಿಸಿ ತೆಗೆದ. ಎಡ ಭುಜದ ಮೇಲೆ ಅವಳ ನಾಲ್ಕು ಬೆರಳು ಹಾಗೇ ಉಳಿದವು. ಮದುವೆಮನೆಯ ಕೆಂಪು ಬಣ್ಣ ಹಚ್ಚಿದ ಉಗುರುಗಳ ಸಮೇತ. ಅವನಿಗೆ ಅವು ಕಾಣಲೇ ಇಲ್ಲ. ಮೂವತ್ತೊಂದು ವರ್ಷದಿಂದ ಆ ಕೈ ಅವನ ಭುಜದ ಮೇಲೆಯೇ ಇತ್ತು, ಅದನ್ನು ಅವನು ಕೋಟಿನ ಭಾಗವೆಂದೇ ತಿಳಿದಿದ್ದಿರಬೇಕು.

"ನನ್ನ ಫೋಟೋನೂ ಹಾಕ್ತೀಯಾ?" ಎಂದು ಲಾನ್‌ಯಿಂಗ್ ಮೂಲಂಗಿ ಹೆಚ್ಚುತ್ತ ಕೇಳಿದಳು. ವಾರಕ್ಕೆರಡು ದಿನ ಬಡಾವಣೆಯ ಮುದುಕರಿಗೆಲ್ಲ ಸಭಾಮಂದಿರದಲ್ಲಿ ಅಡುಗೆ ಮಾಡಿ ಬಡಿಸುವುದು ಅವಳ ಕೆಲಸ.

"ನಿಯಮ ಕಣೇ. ಒಬ್ಬರದ್ದೇ ಇರ್ಬೇಕಂತೆ."

"ಹೌದಾ?" ಎಂದು ಅವಳು ಇನ್ನೊಂದು ಮೂಲಂಗಿ ಎತ್ತಿಕೊಂಡಳು.

ಮುದ್ರಣದಂಗಡಿಯ ಪೆಂಗ್ ಆ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, ಚಹಾದ ಲೋಟ ಕೆಳಗಿಟ್ಟ. ಇಪ್ಪತ್ತು ಚುನಾವಣೆಗಳ ಮುಖಗಳನ್ನು ಅಚ್ಚು ಹಾಕಿದವನು ಅವನು. ಸೋತವರ ಮುಖ ಅಚ್ಚಾಗಿ ಉಳಿದುಹೋದ ಹಾಳೆಗಳ ಬೆನ್ನ ಮೇಲೆ ಬಿಲ್ಲು ಬರೆಯುತ್ತಿದ್ದ.

"ವೆನ್‌ಪಿನಣ್ಣ, ಇದು ಆಗಲ್ಲ. ಮೂರಂತಸ್ತಿನ ಬೋರ್ಡಿಗೆ ಹಾಕಿದ್ರೆ ನಿನ್ನ ಮುಖ ಸಿಡುಬು ಬಂದಂಗೆ ಚುಕ್ಕಿಚುಕ್ಕಿ ಆಗುತ್ತೆ. ಅಸಲು ಫೋಟೋ ಇಲ್ವಾ?"

"ಅಸಲು ಇದೇ. ನಾನೇ ಕತ್ತರಿಸಿದ್ದು. ನಂಗೆ ಪ್ರಮಾಣಪತ್ರ ಇದೆ."

"ಇರ್ಲಿ. ಒಂದೊಂದಕ್ಕೆ ಒಂದೊಂದು ಅಳತೆ ಕಣಣ್ಣ. ಬೋರ್ಡಿಗೆ ತಲೆ ಮೇಲೆ ಜಾಗ ಬಿಡ್ಬೇಕು. ಕಚೇರಿಗೆ ಕೊಡೋದು ಎರಡಂಗುಲ, ತಲೆಯಿಂದ ಭುಜದ ತನಕ. ಜನರಿಗೆ ಹಂಚೋ ಬೀಸಣಿಗೆಗೆ ಹಿಡಿ ಇರಲ್ಲ, ಹೆಬ್ಬೆರಳು ತೂರಿಸೋ ತೂತು ಬರುತ್ತೆ, ಆ ಕಡೆ ಮುಖ ಬರ್ದಂಗೆ ನೋಡ್ಬೇಕು. ನಾಳೆ ಬಾ, ಗೋಡೆ ಮುಂದೆ ನಿಲ್ಲಿಸಿ ಹೊಸದು ತೆಗೀತೀನಿ."

"ಹೊಸದು ಬೇಡ," ಎಂದ ವೆನ್‌ಪಿನ್. ಹೊಸ ಫೋಟೋದಲ್ಲಿ ಹೊಸ ಬೋಳುತಲೆಯೂ ಬರುತ್ತದೆಂಬುದು ಅವನಿಗೆ ಗೊತ್ತಿತ್ತು. "ಮುಖ ಅಂದ್ರೆ ಮುಖ. ಎಲ್ಲದಕ್ಕೂ ಇದೇ ಹಾಕು. ಅಗಲ ಸಾಲ್ದಿದ್ರೆ ಎಳಿ."

"ಎಳೆದ್ರೆ ಕೆನ್ನೆ ಅಗಲ ಆಗುತ್ತೆ."

"ಒಳ್ಳೇದಾಯ್ತು. ಉಂಡು ತಿಂದ ಮನೆಯೋನು ಅಂತ ಕಾಣುತ್ತೆ."

ಪೆಂಗ್ ಭುಜದ ಕಡೆ ಬೆರಳು ತೋರಿಸಿ ಬಾಯಿ ತೆರೆದ. ವೆನ್‌ಪಿನ್ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದ, ಬೋರ್ಡಿನಲ್ಲಿ ಬರೆಯಬೇಕಾದ ಮಾತನ್ನು ಹೇಳಿದ. 'ಕುಟುಂಬವೇ ಮೊದಲು.' ಪೆಂಗ್ ಆ ಮಾತನ್ನು ಬರೆದುಕೊಂಡ, ಭುಜದ ಮೇಲಿನ ಬೆರಳುಗಳನ್ನು ಇನ್ನೊಮ್ಮೆ ನೋಡಿದ, ಆಮೇಲೆ ತನ್ನ ಚಹಾ ಕುಡಿದ. ಗಿರಾಕಿಯ ಇಷ್ಟಕ್ಕೆ ಅಡ್ಡ ಬರಬಾರದೆಂಬುದು ಅವನು ಇಪ್ಪತ್ತು ಚುನಾವಣೆಗಳಲ್ಲಿ ಕಲಿತ ಪಾಠ.

ಆ ವರ್ಷ ಅರ್ಜಿ ಸಲ್ಲಿಸುವ ದಿನಗಳು ಚಾಂದ್ರಮಾನದ ಏಳನೇ ತಿಂಗಳಿನಲ್ಲೇ ಬಿದ್ದಿದ್ದವು. ಪ್ರೇತಗಳಿಗೆ ಬಾಗಿಲು ತೆರೆಯುವ ತಿಂಗಳು ಅದು. ಬುದ್ಧಿಯಿದ್ದವರು ಆ ತಿಂಗಳು ಹೊಸ ಮನೆ ಹೊಗುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಟ್ಟೆ ಒಣಹಾಕುವುದಿಲ್ಲ, ಯಾರ ಭುಜವನ್ನೂ ತಟ್ಟುವುದಿಲ್ಲ. ಭುಜದ ಮೇಲೆ ಮನುಷ್ಯನನ್ನು ಕಾಯುವ ದೀಪ ಇರುತ್ತದೆ, ತಟ್ಟಿದರೆ ಆರಿಹೋಗುತ್ತದೆ. ಚೋ ಸೇರಿದಂತೆ ಬುದ್ಧಿಯಿದ್ದ ಅಭ್ಯರ್ಥಿಗಳೆಲ್ಲ ತಿಂಗಳು ಮುಗಿಯಲಿ ಎಂದು ತಮ್ಮ ಮುಖಗಳನ್ನು ಗೋದಾಮಿನಲ್ಲೇ ಇಟ್ಟಿದ್ದರು. ವೆನ್‌ಪಿನ್ ಮಾತ್ರ ಗುಡಿಯ ಮುಂದಿನ ಮೂಲೆ ಬೇರೆಯವರ ಪಾಲಾದೀತೆಂದು ಮೊದಲ ದಿನವೇ ಬೋರ್ಡು ಏರಿಸಿದ.

ಮೂರಂತಸ್ತಿನ ಎತ್ತರದಲ್ಲಿ, ಚುಕ್ಕಿಚುಕ್ಕಿಯಾದ ಅಗಲ ಕೆನ್ನೆಯ ವೆನ್‌ಪಿನ್ ನಗುತ್ತಿದ್ದ. ಎಡ ಭುಜದ ಮೇಲೆ, ಮೈಯಿಲ್ಲದ, ತೋಳಿಲ್ಲದ, ಬಾಗಿಲಿನಷ್ಟು ದೊಡ್ಡ ನಾಲ್ಕು ಬೆರಳು. ಉಗುರು ರಕ್ತಗೆಂಪು.

ಮೊದಲು ನೋಡಿದವಳು ಎದುರುಗಡೆ ತಿಂಡಿಯಂಗಡಿಯ ಚಿಯೂ ಚಿಕ್ಕಮ್ಮ. ಕಾವಲಿಯ ಮೇಲಿದ್ದ ಮೊಟ್ಟೆರೊಟ್ಟಿ ಸೀದುಹೋಯಿತು. ಎರಡನೆಯವರು ಮೂರನೆಯವರಿಗೆ ಹೇಳಿದರು, ಮಧ್ಯಾಹ್ನದ ಹೊತ್ತಿಗೆ ಶಾಲೆಯಿಂದ ಬರುವ ಮಕ್ಕಳನ್ನು ತಾಯಂದಿರು ಹಿಂದಿನ ಓಣಿಯಿಂದ ಸುತ್ತಿಸಿ ಕರೆತಂದರು. ಮೂವರು ಮುಖದ ಚುಕ್ಕಿಗಳನ್ನು ಎಣಿಸಿ ಆ ಸಂಖ್ಯೆಗೆ ಲಾಟರಿ ಕೊಂಡರು.

ವೆನ್‌ಪಿನ್ ತನ್ನ ಮುಖವಿದ್ದ ಟಿಶ್ಯೂ ಪೊಟ್ಟಣ, ಬೀಸಣಿಗೆಗಳ ಚೀಲ ಹೊತ್ತು ಮಾರುಕಟ್ಟೆಗೆ ಹೋದರೆ ಜನ ಕೈ ಹಿಂದಕ್ಕೆ ಕಟ್ಟಿಕೊಂಡರು. ಪುಕ್ಕಟೆ ಟಿಶ್ಯೂ ಬೇಡವೆನ್ನುವ ಜನರನ್ನು ಈ ಊರು ಅದುವರೆಗೆ ಕಂಡಿರಲಿಲ್ಲ.

"ಚಿಕ್ಕಮ್ಮ, ಬೀಸಣಿಗೆನಾದ್ರೂ ತಗೊಳ್ಳಿ, ಸೆಖೆ ಎಷ್ಟಿದೆ," ಎಂದ ವೆನ್‌ಪಿನ್, ವಾಪಸಾಗುವಾಗ ತಿಂಡಿಯಂಗಡಿಯ ಮುಂದೆ ನಿಂತು.

ಚಿಯೂ ಚಿಕ್ಕಮ್ಮ ಹೆದರುತ್ತಲೇ ತೂತಿಗೆ ಹೆಬ್ಬೆರಳು ತೂರಿಸಿದಳು. ತೂತು ಸರಿಯಾಗಿ ವೆನ್‌ಪಿನ್‌ನ ಬಾಯಿಯಲ್ಲಿತ್ತು. ಅವಳ ಹೆಬ್ಬೆರಳು ಅವನ ನಾಲಿಗೆಯಾಗಿ ಹೊರಗೆ ಬಂತು. ಭುಜದ ಮೇಲೆ ಕೈ, ಹೊರಚಾಚಿದ ನಾಲಿಗೆ. ಅವಳು ಬೀಸಣಿಗೆಯನ್ನು ಸೋಯಾಹಾಲಿನ ಪಾತ್ರೆಯೊಳಗೆ ಬೀಳಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಇದು ಚೋನ ಪಿತೂರಿ," ಎಂದು ವೆನ್‌ಪಿನ್ ನಿರ್ಧರಿಸಿದ. ತನ್ನ ತಪ್ಪು ಹುಡುಕುವುದಕ್ಕೆ ಮೊದಲು ಇನ್ನೊಬ್ಬರ ಪಿತೂರಿ ಹುಡುಕುವುದರಲ್ಲಿ ಅವನು ಆಗಲೇ ಪಳಗಿದ ರಾಜಕಾರಣಿಯಾಗಿದ್ದ.

ಅವನ ಕಣ್ಣು ತೆರೆಸಿದ್ದು ಚುನಾವಣಾ ಕಚೇರಿಯ ಗುಮಾಸ್ತೆ. ದಪ್ಪ ಕನ್ನಡಕದ ಹೆಂಗಸು. ಅರ್ಜಿಯ ಎಲ್ಲ ಹಾಳೆಗಳಿಗೂ ಮೊಹರು ಒತ್ತಿ, ಎರಡಂಗುಲದ ಫೋಟೋದ ಹತ್ತಿರ ಬಂದು ನಿಂತಳು.

"ಇದು ನಡೆಯಲ್ಲ ಸ್ವಾಮಿ. ಒಬ್ಬರೇ ಇರ್ಬೇಕು."

"ಒಬ್ನೇ ಇದೀನಲ್ಲ?"

"ಒಬ್ಬರೂ, ಮೇಲೆ ನಾಲ್ಕು ಬೆರಳೂ ಇದೆ."

"ಯಾವ ಬೆರಳು?"

ಅವಳು ಭೂತಗನ್ನಡಿ ಮುಂದೆ ತಳ್ಳಿದಳು. ವೆನ್‌ಪಿನ್ ನೋಡಿದ. ಕನ್ನಡಿ ಒರೆಸಿ ಮತ್ತೆ ನೋಡಿದ. ಬೆನ್ನಿನಲ್ಲಿ ತಣ್ಣಗೆ ಬೆವರಿಳಿಯಿತು, ಯಾಕೆಂದರೆ ಮೊದಲ ಒಂದು ಕ್ಷಣ ಅವನೂ ಅದನ್ನು ಪ್ರೇತದ ಕೈಯೆಂದೇ ತಿಳಿದ. ತೋರುಬೆರಳಿನ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆ ಕಂಡ ಮೇಲೆ ಯಾರದ್ದೆಂದು ಗೊತ್ತಾಯಿತು. ಆಗ ಇನ್ನೂ ಹೆಚ್ಚು ಬೆವರಿದ.

"ನಾಲ್ಕು ಬೆರಳು ಒಬ್ಬ ಮನುಷ್ಯ ಆಗಲ್ವಲ್ಲ ಮೇಡಂ?"

"ಪೂರ್ತಿ ಮನುಷ್ಯ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ಅಭ್ಯರ್ಥಿನೂ ಅಲ್ವಲ್ಲ. ಶುಕ್ರವಾರ ಸಂಜೆ ಐದೂವರೆಗೆ ಬಾಗಿಲು ಹಾಕ್ತೀವಿ. ಅಷ್ಟರೊಳಗೆ ಒಬ್ಬರೇ ಇರೋ ಫೋಟೋ ತನ್ನಿ."

ವೆನ್‌ಪಿನ್ ಸ್ಕೂಟರ್ ಓಡಿಸಿಕೊಂಡು ಗುಡಿಯ ಮೂಲೆಗೆ ಬಂದು ತಲೆಯೆತ್ತಿದ. ತನ್ನ ಹೆಂಡತಿಯ ಬೆರಳು ಅಷ್ಟು ದೊಡ್ಡದಾಗಿ ಅವನು ಎಂದೂ ನೋಡಿರಲಿಲ್ಲ. ಕೆಳಗೆ 'ಕುಟುಂಬವೇ ಮೊದಲು' ಎಂದು ಬರೆದಿತ್ತು. ಇದು ನನ್ನ ಹೆಂಡತಿಯ ಕೈ ಎಂದು ಒಂದು ಮಾತು ಹೇಳಿಬಿಟ್ಟರೆ ಪ್ರೇತದ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕುಟುಂಬವನ್ನು ಕಿವಿಯ ಪಕ್ಕಕ್ಕೆ ಕತ್ತರಿಸಿದವನಿಗೆ ಯಾರು ವೋಟು ಹಾಕುತ್ತಾರೆ? ಒಂದು ಸತ್ಯವನ್ನು ಹೇಳದೆ ಉಳಿಸಿಕೊಳ್ಳಲು ವೆನ್‌ಪಿನ್ ಎಷ್ಟು ಸುಳ್ಳು ಬೇಕಾದರೂ ಖರ್ಚು ಮಾಡಲು ಸಿದ್ಧನಾದ.

ಅಷ್ಟರಲ್ಲಿ ಚಿಯೂ ಚಿಕ್ಕಮ್ಮ ನಾಲ್ಕು ಜನರನ್ನು ಹಿಂದೆ ಕಟ್ಟಿಕೊಂಡು, ಎರಡು ಮಾರು ದೂರದಲ್ಲೇ ನಿಂತು ಕೇಳಿದಳು. "ವೆನ್‌ಪಿನ್, ನಿನ್ನ ಭುಜದ ಮೇಲೆ ಇರೋದು ಯಾರಪ್ಪ?"

"ಅದಾ? ನಮ್ಮಜ್ಜಿ," ಎಂದ ವೆನ್‌ಪಿನ್. "ನಾನು ಗೆಲ್ಲಲಿ ಅಂತ ಆಶೀರ್ವಾದ ಮಾಡೋಕೆ ಬಂದಿದಾರೆ."

"ನಿಮ್ಮಜ್ಜಿನಾ? ಹಂದಿ ಸಾಕ್ತಿದ್ದವರು ಉಗುರಿಗೆ ಯಾವಾಗ ಬಣ್ಣ ಹಚ್ಚಿದ್ರು?"

"ಅಲ್ಲಿ ಹೋದ್ಮೇಲೆ ಪುರುಸೊತ್ತು ಸಿಕ್ಕಿರ್ಬೇಕು ಚಿಕ್ಕಮ್ಮ."

ಜನ ಮುಖ ಮುಖ ನೋಡಿಕೊಂಡರು. ಅಜ್ಜಿ ಸತ್ತು ನಲವತ್ತು ವರ್ಷವಾಗಿತ್ತು, ಆಕೆಯ ಕೈಯನ್ನು ಬಲ್ಲ ಮುದುಕರು ಇನ್ನೂ ಬದುಕಿದ್ದರು. ಆ ಕೈಗೆ ಐದು ಬೆರಳಿದ್ದದ್ದೇ ಹೆಚ್ಚು, ಉಗುರಂತೂ ಇರಲೇ ಇಲ್ಲ ಎಂದು ಅವರು ಸಾಕ್ಷಿ ಹೇಳಿದರು.

ವೆನ್‌ಪಿನ್ ಪೆಂಗ್‌ನ ಹತ್ತಿರ ಓಡಿದ. "ಬೆರಳು ಅಳಿಸು."

"ಅಳಿಸ್ಬಹುದು. ಬೆರಳಿನ ಕೆಳಗೆ ಭುಜ ಹೇಗಿತ್ತು ಅಂತ ಫೋಟೋಗೆ ಗೊತ್ತಿಲ್ಲ. ನಾನೇ ಊಹಿಸಿ ಬರೀಬೇಕು. ಹೊಸ ಬೋರ್ಡು ಅಚ್ಚಾಗೋಕೆ ನಾಲ್ಕು ದಿನ. ಚಿಕ್ಕ ಫೋಟೋದಲ್ಲಿ ಆ ಕಡೆ ಕತ್ತರಿಸಿದ್ರೆ ಕಿವಿನೂ ಹೋಗುತ್ತೆ."

"ಬೋರ್ಡಿನಲ್ಲಿ ಬೆರಳಿನ ಮೇಲೆ ಬಿಳೀ ಹಾಳೆ ಅಂಟಿಸು ಹಾಗಾದ್ರೆ."

"ಯೋಚನೆ ಮಾಡಿ ಹೇಳ್ತಿದೀಯಾ ಅಣ್ಣ?"

ಯೋಚನೆ ಮಾಡುವ ಅಭ್ಯಾಸ ವೆನ್‌ಪಿನ್‌ಗೆ ಇರಲಿಲ್ಲ. ಬಿಳಿ ಹಾಳೆ ಅಂಟಿತು. ಮರುದಿನ ಬೆಳಗ್ಗೆ ಜನ ಎದ್ದು ನೋಡಿದರೆ ಬೋರ್ಡಿನ ಮೇಲೆ ಕೈ ಇಲ್ಲ. ಇದ್ದಾಗ ಅದು ಎಲ್ಲಿದೆಯೆಂದಾದರೂ ಗೊತ್ತಿತ್ತು. ಈಗ ಅದು ಇಳಿದು ಬಂದು ಬಡಾವಣೆಯಲ್ಲಿ ಎಲ್ಲೋ ಓಡಾಡುತ್ತಿದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬನ ಭುಜವನ್ನು ಹಿಂದಿನವನ ಕೊಡೆ ತಾಗಿತೆಂದು ಅವನು ಬಸ್ಸೂ ಬಿಟ್ಟು, ಚಪ್ಪಲಿಯೂ ಬಿಟ್ಟು ಓಡಿದ. ಮಧ್ಯಾಹ್ನದೊಳಗೆ ಮುನ್ನೂರು ಮನೆಯವರು ಯಜಮಾನ ಚೋನ ಬಾಗಿಲು ತಟ್ಟಿದರು.

ಚೋ ಕೈ ಮುಗಿದು, ತುಂಬ ಮರುಗಿದ. "ವೆನ್‌ಪಿನ್ ನನ್ನ ಎದುರಾಳಿ ಆದ್ರೇನು, ನಮ್ಮ ಬಡಾವಣೆಯ ಮಗ. ಅವನ ಪ್ರಾಣ ಉಳಿಸೋದು ನನ್ನ ಕರ್ತವ್ಯ. ಶುಕ್ರವಾರ ಗುಡೀಲಿ ಪ್ರೇತಗಳಿಗೆ ಎಡೆ ಇಡ್ತೀವಲ್ಲ, ಅಲ್ಲೇ ಹುಂಗ್ ಮೈಮೇಲೆ ದೇವರನ್ನ ಕರೆಸಿ ಕೇಳೋಣ." ಅವನ ಕಣ್ಣಿನಲ್ಲಿ ನೀರಿತ್ತು. ಐದು ಸಲ ಗೆದ್ದವನಿಗೆ ಅದು ಬೇಕಾದಾಗ ಬರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಗುಡಿಯ ಅಂಗಳದಲ್ಲಿ ಮೇಜುಗಳ ಸಾಲು, ಹಣ್ಣು, ಬೇಯಿಸಿದ ಕೋಳಿ, ಬಿಸ್ಕತ್ತಿನ ಪೊಟ್ಟಣ, ಊದುಬತ್ತಿಯ ಹೊಗೆ. ನಡುವೆ ವೆನ್‌ಪಿನ್‌ನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದ್ದರು. ಹುಂಗ್ ತಲೆಗೆ ಕೆಂಪು ಬಟ್ಟೆ ಕಟ್ಟಿ, ಮೈ ನಡುಗಿಸಿ, ಮೂರು ಸಲ ತೇಗಿ, ಅವನ ಭುಜವನ್ನು ಮೂಸಿದ.

"ಹೆಣ್ಣು," ಎಂದ.

ಮುಂದಿನ ಸಾಲಿನವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಮದುವೆ ಆಗ್ದೇ ಸತ್ತಿರೋಳು. ಕೆಂಪು ಉಗುರು ಅಂದ್ರೆ ಮದುಮಗಳು. ಇವನನ್ನ ಆರಿಸ್ಕೊಂಡಿದಾಳೆ. ಶಾಸ್ತ್ರವಾಗಿ ಮದುವೆ ಮಾಡಿ, ಅವಳ ಹೆಸರಿನ ಫಲಕ ಇವನ ಮನೆ ಪೀಠದ ಮೇಲೆ ಕೂರಿಸೋ ತನಕ ಬಡಾವಣೆ ಬಿಟ್ಟು ಹೋಗಲ್ಲ."

"ನಂಗೆ ಮದುವೆ ಆಗಿದೆ," ಎಂದ ವೆನ್‌ಪಿನ್.

"ಅವಳಿಗೆ ಅದು ಅಡ್ಡಿ ಇಲ್ವಂತೆ."

ಚೋ ಎರಡೂ ಕೈ ಚಾಚಿ ಜನರ ಕಡೆ ತಿರುಗಿದ. "ಬಡಾವಣೆ ಕ್ಷೇಮಕ್ಕೆ ವೆನ್‌ಪಿನ್ ಇಷ್ಟು ಮಾಡಲ್ವಾ? ಖಂಡಿತ ಮಾಡ್ತಾನೆ. ಹೊಸ ಮದುಮಗ ಚುನಾವಣೆ ಗಲಾಟೆ ಬಿಟ್ಟು ಮನೇಲಿರೋದು ಒಳ್ಳೇದು ಅಂತ ನಂಗನ್ಸುತ್ತೆ." ಮುನ್ನೂರು ತಲೆಗಳು ಹೌದೆಂದು ಆಡಿದವು. ಯಾರೋ ಆಗಲೇ ಕೆಂಪು ಬಟ್ಟೆ ತಂದಿದ್ದರು. ವೆನ್‌ಪಿನ್ ಬಾಯಿ ತೆರೆದ. ಈಗಲೂ ಒಂದೇ ಮಾತು ಸಾಕಿತ್ತು. ಅವನು ಬೋರ್ಡಿನ ಕಡೆ ನೋಡಿದ, ತನ್ನ ಹೆಸರಿನ ಹಲಗೆಯನ್ನು ನೆನೆದ, ಬಾಯಿ ಮುಚ್ಚಿದ. ಯಜಮಾನಿಕೆಗಾಗಿ ಹೆಣವನ್ನು ಕಟ್ಟಿಕೊಳ್ಳಲೂ ಆ ಮನುಷ್ಯ ತಯಾರಾಗಿದ್ದ.

ಆಗ ಸಭಾಮಂದಿರದ ಕಡೆಯಿಂದ ಲಾನ್‌ಯಿಂಗ್ ಸೊಪ್ಪಿನ ಸಾರಿನ ದೊಡ್ಡ ಪಾತ್ರೆ ಹೊತ್ತು ಬಂದಳು. ಮೇಜಿನ ಮೇಲಿಟ್ಟಳು, ಕೈಯನ್ನು ಏಪ್ರನ್‌ಗೆ ಒರೆಸಿಕೊಂಡಳು, ಸ್ಟೂಲಿನ ಬಲಕ್ಕೆ ನಿಂತು ಗಂಡನ ಕತ್ತಿನ ಹಿಂದಿನಿಂದ ತೋಳು ಬಳಸಿ ಅವನ ಎಡ ಭುಜದ ಮೇಲೆ ಕೈಯಿಟ್ಟಳು. ಏಳನೇ ತಿಂಗಳಿನಲ್ಲಿ, ಮುನ್ನೂರು ಜನರ ಎದುರಿಗೆ. ಹುಂಗ್‌ನ ನಡುಕ ಅರ್ಧಕ್ಕೇ ನಿಂತುಹೋಯಿತು.

"ಹುಂಗಣ್ಣ, ನಿಮ್ಮ ದೇವರಿಗೆ ಹೇಳಿ. ಈ ಹುಡುಗಿಗೆ ಮದುವೆ ಆಗಿ ಮೂವತ್ತೊಂದು ವರ್ಷ ಆಯ್ತು."

ನಾಲ್ಕು ಬೆರಳು, ತೋರುಬೆರಳಿನ ಮೇಲೆ ಎಣ್ಣೆಯ ಕಲೆ. ಮೊದಲು ಗುರುತು ಹಿಡಿದವಳು ಚಿಯೂ ಚಿಕ್ಕಮ್ಮನೇ. ವಾರಕ್ಕೆರಡು ಸಲ ಆ ಕೈಯಿಂದ ಬಟ್ಟಲು ಇಸಿದುಕೊಂಡು ಉಂಡವರು ಅಲ್ಲಿ ಎಪ್ಪತ್ತು ಮಂದಿ ಇದ್ದರು. ಒಬ್ಬರಿಗೂ ಅದುವರೆಗೆ ಗೊತ್ತಾಗಿರಲಿಲ್ಲ, ಅವರು ನೋಡುತ್ತಿದ್ದದ್ದು ಬಟ್ಟಲಿನೊಳಗೆ. ಈಗ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡಿದರು.

"ನಿಂಗೆ ಗೊತ್ತಿತ್ತಾ?" ಎಂದು ವೆನ್‌ಪಿನ್ ಪಿಸುಗುಟ್ಟಿದ.

"ಬೋರ್ಡು ಏರಿದ ದಿನವೇ ನೋಡ್ದೆ. ನನ್ನ ಕೈ ನಂಗೆ ಗೊತ್ತಾಗಲ್ವಾ? ಬಂದು ಹೇಳ್ತೀಯ ಅಂತ ಕಾದೆ. ನೀನು ಅಜ್ಜಿ ಅಂದೆ, ನಾನು ಸುಮ್ನಿದ್ದೆ. ನೀನು ಹಾಳೆ ಅಂಟಿಸ್ದೆ, ನಾನು ಸುಮ್ನಿದ್ದೆ. ಈಗ ಹೆಣದ ಜೊತೆ ಮದುವೆಗೂ ತಲೆ ಆಡಿಸ್ತಿದ್ದೆ. ನಾನು ಕಾದಿದ್ದು ಜಾಸ್ತಿನೇ ಆಯ್ತು, ವೆನ್‌ಪಿನ್."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಅಂಗಳವೇ ನಕ್ಕಿತು, ಚೋ ಹೊಟ್ಟೆ ಹಿಡಿದುಕೊಂಡು ನಕ್ಕ, ದೇವರಿಳಿದ ಹುಂಗ್ ಕೂಡ ನಕ್ಕ. ವೆನ್‌ಪಿನ್ ಸ್ಟೂಲಿನ ಮೇಲೆ ಕೂತೇ ಇದ್ದ. ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆ ಜನ ನಕ್ಕಿದ್ದಕ್ಕೋ, ಭುಜದ ಮೇಲಿನ ಕೈ ಇನ್ನೂ ಅಲ್ಲೇ ಇದ್ದದ್ದಕ್ಕೋ ಅವನಿಗೇ ತಿಳಿಯಲಿಲ್ಲ.

"ಫೋಟೋ ಇಲ್ಲ, ಅರ್ಜಿ ಇಲ್ಲ. ಹಾಗಾದ್ರೆ ಈ ಸಲ ನಾನೊಬ್ನೇ," ಎಂದ ಚೋ ಕಣ್ಣೊರೆಸಿಕೊಳ್ಳುತ್ತ.

"ಗಂಟೆ ಎಷ್ಟಾಯ್ತು?" ಎಂದು ಚಿಯೂ ಚಿಕ್ಕಮ್ಮ ಕೇಳಿದಳು. ಮೂರಾಗಿತ್ತು. "ಐದೂವರೆ ತನಕ ಕಚೇರಿ ತೆರೆದಿರುತ್ತಲ್ಲ. ಲಾನ್‌ಯಿಂಗ್, ನೀನೇ ಯಾಕೆ ನಿಲ್ಬಾರ್ದು? ನಮ್ಮಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹಲ್ಲಿಲ್ಲ ಅಂತ ಚೋಗೆ ಗೊತ್ತಾ?"

ಚೋನ ನಗು ನಿಂತಿತು. ಯಾರಿಗೆ ಹಲ್ಲಿಲ್ಲವೆಂಬುದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಲಾನ್‌ಯಿಂಗ್ ಸಾರಿನ ಪಾತ್ರೆಯ ಮೇಲೆ ಮುಚ್ಚಳ ಮುಚ್ಚಿದಳು. ಆಮೇಲೆ ಏಪ್ರನ್ ಬಿಚ್ಚಿ ಗಂಡನ ತೊಡೆಯ ಮೇಲೆ ಹಾಕಿ ಹೊರಟಳು.

ಪೆಂಗ್‌ನ ಅಂಗಡಿಯಲ್ಲಿ ಅವಳು ತನ್ನ ಫೋನಿನಿಂದ ಅದೇ ಮದುವೆಯ ಫೋಟೋ ಕೊಟ್ಟಳು. ಕತ್ತರಿಸದ್ದು, ಸವೆಯದ್ದು. ಮದುಮಗನಾಗಿದ್ದ ಅಣ್ಣನ ಮಗ ಅಸಲನ್ನು ಅತ್ತೆಗೇ ಕಳಿಸಿದ್ದ. ಎರಡಂಗುಲದ್ದನ್ನು ಪೆಂಗ್ ತಲೆಯಿಂದ ಭುಜದ ತನಕ ಅಚ್ಚುಕಟ್ಟಾಗಿ ಕತ್ತರಿಸಿದ. ದಪ್ಪ ಕನ್ನಡಕದ ಗುಮಾಸ್ತೆ ಭೂತಗನ್ನಡಿ ಹಿಡಿದು ಎಣಿಸಿ, "ಒಬ್ಬರೇ ಇದಾರೆ" ಎಂದು ಮೊಹರು ಒತ್ತಿದಾಗ ಐದೂ ಇಪ್ಪತ್ತೈದು.

ಬೀಸಣಿಗೆಯ ಸರದಿ ಬಂದಾಗ ಪೆಂಗ್ ತಲೆ ಕೆರೆದುಕೊಂಡ. "ಅಕ್ಕ, ಇದರಲ್ಲೂ ಅವನನ್ನ ತೆಗೆದುಬಿಡ್ಲಾ?"

ಲಾನ್‌ಯಿಂಗ್ ಪರದೆಯ ಮೇಲೆ ನಗುತ್ತಿದ್ದ ಇಬ್ಬರನ್ನೂ ನೋಡಿದಳು. "ಬೇಡ, ಇರ್ಲಿ. ತೂತು ಎಲ್ಲಾದ್ರೂ ಬೇಕಲ್ಲ," ಎಂದಳು.

ಏಳನೇ ತಿಂಗಳು ಮುಗಿಯಿತು, ಸೆಖೆ ಮುಗಿದಿರಲಿಲ್ಲ. ಮಾರುಕಟ್ಟೆಯ ಬಾಗಿಲಲ್ಲಿ ವೆನ್‌ಪಿನ್ ದಿನವೂ ಬೀಸಣಿಗೆಯ ಚೀಲ ಹಿಡಿದು ನಿಲ್ಲುತ್ತಿದ್ದ. ಈ ಸಲ ಜನ ಕೈ ಚಾಚಿ ಇಸಿದುಕೊಂಡರು. ಬೀಸಣಿಗೆಯಲ್ಲಿ ಲಾನ್‌ಯಿಂಗ್ ಬಾಯ್ತುಂಬ ನಗುತ್ತಿದ್ದಳು. ಅವಳ ಪಕ್ಕದಲ್ಲಿ ಇಸ್ತ್ರಿಯಾದ ಕೋಟು, ಕೋಟಿನ ಭುಜದ ಮೇಲೆ ಅವಳ ಕೈ, ಕೋಟಿನ ಮೇಲೆ ಮುಖವಿರಬೇಕಾದ ಕಡೆ ದುಂಡಗಿನ ತೂತು.

ಚಿಯೂ ಚಿಕ್ಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ವೆನ್‌ಪಿನ್, ಇದರಲ್ಲಿ ನಿನ್ನ ಮುಖ ಎಲ್ಲಪ್ಪ?"

"ಅಲ್ಲೇ ಹೆಬ್ಬೆರಳು ತೂರಿಸಿ ಚಿಕ್ಕಮ್ಮ," ಎಂದ ವೆನ್‌ಪಿನ್. "ಹಿಡಿಯೋಕೆ ಚೆನ್ನಾಗಿರುತ್ತೆ."